ಒಡೆಯದೆ ಉಳಿದ ಬಟ್ಟಲು

ಎಲ್ಲ ರಗಳೆಗೂ ಮೂಲ ಸ್ಪಿರಿಟ್ಟಿನಲ್ಲಿ ಅದ್ದಿದ ಒಂದು ಉಂಡೆ ಹತ್ತಿ.

ಉಬ್ಬಸದವರಿಗೆ ಮದ್ದನ್ನು ಹಬೆ ಮಾಡಿ ಕೊಡುವ ಯಂತ್ರಕ್ಕೆ ಪುಟ್ಟ ಬಟ್ಟಲೊಂದು ಬೇಕಿತ್ತು. ಅದಕ್ಕೆ ತಕ್ಕ ಪ್ಲಾಸ್ಟಿಕ್ ಆರಿಸುವುದು ನಿಧಾನಿಯ ಪಾಲಿನ ಕೆಲಸ. ಹೆತ್ತವರು ಇಟ್ಟ ಹೆಸರು ಬೇರೆ. ಊಟಕ್ಕೆ ಕರೆದರೂ ಯೋಚಿಸಿ ಏಳುವ ಆಸಾಮಿಯಾದ್ದರಿಂದ ಕಾರ್ಖಾನೆಯಲ್ಲಿ ಈ ಹೆಸರೇ ನಿಂತಿತ್ತು. ಸಂಜೆ ಆಸ್ಪತ್ರೆಯ ದೊಡ್ಡ ಸಿಸ್ಟರ್ ಬಂದು ಬಟ್ಟಲನ್ನು ಒಪ್ಪಿದರೆ ಅವನ ನೌಕರಿ ಖಾಯಂ. ಒಪ್ಪದಿದ್ದರೆ ಬೇರೆ ಕಡೆ ನೋಡಿಕೊಳ್ಳಬಹುದೆಂದು ಯಜಮಾನರು ನಗುನಗುತ್ತಲೇ ಹೇಳಿದ್ದರು. ಹೆಂಡತಿಯೋ, ಖಾಯಂ ಆಗಿಯೇ ಹೋಯಿತೆಂದು ತವರಿಗೆಲ್ಲ ಸುದ್ದಿ ಮುಟ್ಟಿಸಿ ಕೂತಿದ್ದಳು.

ನಾಲ್ಕು ಬಗೆಯ ಪ್ಲಾಸ್ಟಿಕ್ಕಿನ ನಾಲ್ಕು ಬಟ್ಟಲುಗಳು ಮೇಜಿನ ಮೇಲಿದ್ದವು. ಬಣ್ಣ ನೋಡಿ ಯಾರೂ ಮರುಳಾಗಬಾರದೆಂದು ಎಲ್ಲವನ್ನೂ ನೀಲಿಯಲ್ಲೇ ಕಳಿಸಿ ಎಂದು ನಿಧಾನಿ ಪ್ಲಾಸ್ಟಿಕ್ ಕಂಪನಿಗೆ ಬರೆದಿದ್ದ. ಯಾವುದು ಯಾವುದೆಂದು ಸ್ಟೋರಿನಣ್ಣ ಒಂದೊಂದರ ತಳದಲ್ಲೂ ಮಾರ್ಕರ್ ಪೆನ್ನಿನಿಂದ ಬರೆದುಕೊಟ್ಟಿದ್ದ.

ಆಸ್ಪತ್ರೆಯಲ್ಲಿ ದಿನಕ್ಕೆ ಹತ್ತು ಸಲ ಸ್ಪಿರಿಟ್ಟಿನಲ್ಲಿ ಒರೆಸುತ್ತಾರೆ. ಆದ್ದರಿಂದ ನಿಧಾನಿ ಮೊದಲು ನಾಲ್ಕನ್ನೂ ಎಮ್ಮೆ ತೊಳೆದಂತೆ ಒಳಗೂ ಹೊರಗೂ ಉಜ್ಜಿದ. ಆಮೇಲೆ ಕ್ರಿಮಿ ಕೊಲ್ಲುವ ಹಬೆಪೆಟ್ಟಿಗೆಗೆ ಹಾಕಿದ. ಹೊರತೆಗೆದಾಗ ಒಂದು ಸೊಟ್ಟಗಾಗಿತ್ತು, ಇನ್ನೊಂದು ಬಿಸಿಲಿಗಿಟ್ಟ ಬೆಣ್ಣೆಯಂತೆ ಕುಸಿದಿತ್ತು. ಉಳಿದೆರಡನ್ನು ನೆಲಕ್ಕೆ ಬೀಳಿಸಿದ. ಸ್ಪಿರಿಟ್ಟಿಗೆ ಒಳಗೊಳಗೇ ಬಿರುಕು ಬಿಟ್ಟಿದ್ದ ಒಂದು ಬಟ್ಟಲು ಎರಡು ಹೋಳಾಯಿತು. ಕೊನೆಯದು ಠಣ್ಣೆಂದು ಪುಟಿದು ನಿಂತಿತು.

ಗೆದ್ದವನ ಹೆಸರು ನೋಡೋಣವೆಂದು ತಳ ಮೇಲೆ ಮಾಡಿದ. ತಳ ಬೋಳು. ನಾಲ್ಕರ ಹೆಸರೂ ಹತ್ತಿಗೆ ಅಂಟಿಕೊಂಡು ಕಸದ ಬುಟ್ಟಿ ಸೇರಿತ್ತು.

ಲೆಕ್ಕದ ಮೇಡಂ ಕುರ್ಚಿ ಸಮೇತ ಬಂದರು. "ಏನಪ್ಪಾ, ಮುಖ ಯಾಕೆ ಹಿಂಗಾಗಿದೆ?"

ನಿಧಾನಿ ಸಂಗತಿ ಹೇಳಿದ.

"ಅಷ್ಟೇ ತಾನೆ? ಸುಟ್ಟು ವಾಸನೆ ನೋಡು. ನಮ್ಮ ಮನೆಯವರು ಬನಿಯನ್ನು ಕೊಂಡ್ರೂ ದಾರ ಎಳ್ದು ಸುಟ್ಟು ನೋಡ್ತಾರೆ."

"ಇದನ್ನ ಸುಟ್ರೆ ಸಂಜೆ ಸಿಸ್ಟರ್‌ಗೆ ಏನು ತೋರಿಸ್ಲಿ ಮೇಡಂ, ಬೂದಿನಾ?"

ಮಾರಾಟದವನೂ ಬಂದ. "ಒಂದ್ಸಲ ಕಚ್ಚಿ ನೋಡಿ ಗುರುಗಳೇ."

"ಕಚ್ಚಿದ್ರೆ ಏನು ಗೊತ್ತಾಗುತ್ತಯ್ಯಾ?"

"ಏನೂ ಇಲ್ಲ. ಸುಮ್ನೆ ನಿಂತಿದ್ದೀರಲ್ಲ, ಅದಕ್ಕೆ."

ನಿಧಾನಿ ಬಹಳ ಹೊತ್ತು ಯೋಚಿಸಿದ. ಕೆಟ್ಟುಹೋದ ಮೂರನ್ನು ಸುಟ್ಟರೆ ನಷ್ಟವೇನು? ತರಿಸಿದ ನಾಲ್ಕರ ಪಟ್ಟಿ ಬಾಯಿಪಾಠವಿತ್ತು; ಮೂರರ ಗುರುತು ಸಿಕ್ಕರೆ ಮಿಕ್ಕ ಹೆಸರು ಗೆದ್ದದ್ದರದು. ಬೆಂಕಿಪೊಟ್ಟಣ ಹಿಡಿದು ಹಿತ್ತಿಲಿಗೆ ಓಡಿದ. ಮೊದಲನೆಯದು ಆರಿದ ಮೇಣದಬತ್ತಿಯ ವಾಸನೆ ಬಿಟ್ಟಿತು: ಪಾಲಿಥೀನ್. ಎರಡನೆಯದು ಕರಿಹೊಗೆ ಕಾರಿ ಅವನಿಗೆ ಮೀಸೆ ಬರೆಯಿತು: ಎಬಿಎಸ್. ಮೂರನೆಯದು ಕಡ್ಡಿ ದೂರ ಸರಿಸಿದ ಕೂಡಲೇ ಮುನಿಸಿಕೊಂಡು ಆರಿತು: ಪಾಲಿಕಾರ್ಬೊನೇಟ್. ಅಷ್ಟರಲ್ಲಿ ಹೊಗೆ ಕಂಡು ಕಾವಲಿನವನು ಒಂದು ಬಕೆಟ್ ನೀರು ತಂದು ನಿಧಾನಿಯ ಮೇಲೇ ಸುರಿದ.

ಆದರೇನು, ಉಳಿದದ್ದು ಪಾಲಿಸಲ್ಫೋನ್. ತೊಯ್ದ ಅಂಗಿಯಲ್ಲೂ ನಿಧಾನಿ ಬೆಚ್ಚಗಿದ್ದ.

ಸಂಜೆ ದೊಡ್ಡ ಸಿಸ್ಟರ್ ಬಂದರು. ಬಟ್ಟಲನ್ನು ಎಸೆದರು, ಒರೆಸಿದರು, ಕೊನೆಗೆ ಅದರ ಮೇಲೆ ಹತ್ತಿ ನಿಂತೂ ನೋಡಿದರು. "ಇದೇ ಇರ್ಲಿ. ಇನ್ನೊಂದ್ರಲ್ಲಿ ಮಾಡಿ ತಂದ್ರೆ ವಾಪಸ್ ಕಳಿಸ್ತೀನಿ, ಈಗಲೇ ಹೇಳಿದ್ದೀನಿ." ಯಜಮಾನರು ಹಿಗ್ಗಿ ಅದೇ ಬಟ್ಟಲಿಗೆ ನೀರು ಬಗ್ಗಿಸಿಕೊಂಡು ಗಟಗಟ ಕುಡಿದರು. "ನಿಧಾನಿ, ನಾಳೆಯಿಂದ ನೀವು ಖಾಯಂ."

ಸ್ಟೋರಿನಣ್ಣ ಬಾಗಿಲಲ್ಲಿ ನಿಂತಿದ್ದ, ಹೆಗಲಿಗೆ ಚೀಲ. "ಪರೀಕ್ಷೆ ಮುಗೀತಾ ಸಾರ್? ಬಟ್ಟಲು ಕೊಟ್ರೆ ಮನೆಗೆ ಹೋಗ್ತೀನಿ."

"ಯಾವ ಬಟ್ಟಲು?" ನಿಧಾನಿ ಕೇಳಿದ.

"ಅದೇ, ನಂದು. ಪಾರ್ಸೆಲ್‌ನಲ್ಲಿ ಮೂರೇ ಇತ್ತು. ಆ ಸಲ್ಫೋನು ಸಿಗೋದೇ ಇಲ್ವಂತೆ. ನನ್ನ ಸ್ಟೋರಲ್ಲಿ ಒಂದು ಕಮ್ಮಿ ಅನ್ನೋ ಮಾತು ಇವತ್ತಿನವರೆಗೂ ಬಂದಿಲ್ಲ ನೋಡಿ. ಮನೇಲಿದ್ದ ನೀಲಿ ಬಟ್ಟಲು ತಂದು, ಮಿಕ್ಕಿದ್ದ ಹೆಸರು ಬರೆದಿಟ್ಟೆ."

ನಿಧಾನಿ ಬಾಗಿಲ ಬಳಿಗೆ ಧಾವಿಸಿದ. "ಅಣ್ಣಾ, ಅದು ಯಾವ ಪ್ಲಾಸ್ಟಿಕ್ಕು?"

"ನನಗೇನು ಗೊತ್ತು. ನಮ್ಮ ಮಾವ ಎಲ್ಲಿಂದಲೋ ತಂದಿದ್ದು, ಕೇಳೋಣ ಅಂದ್ರೆ ಅವರೇ ಇಲ್ಲ. ಈಗ ನಮ್ಮತ್ತೆ ಅದರಲ್ಲಿ ಹಲ್ಲಿನ ಸೆಟ್ಟು ನೆನೆಹಾಕ್ತಾರೆ."

ಯಜಮಾನರು ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟರು. ಕರವಸ್ತ್ರದಿಂದ ತುಟಿ ಒರೆಸಿದರು, ಮತ್ತೊಮ್ಮೆ ಒರೆಸಿದರು. "ಅದು ಏನು ಅಂತ ತಿಳ್ಕೊಂಡು ಬನ್ನಿ. ಖಾಯಂ ಮಾತು ಆಮೇಲೆ."

ಮಬ್ಬುಗತ್ತಲಾಗುವ ಹೊತ್ತಿಗೆ ನಿಧಾನಿ ಸ್ಟೋರಿನಣ್ಣನ ಮನೆಯಲ್ಲಿ ಅವನ ಅತ್ತೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ. "ಅಜ್ಜೀ, ತಳದಲ್ಲಿ ಒಂದು ಉಗುರಿನಷ್ಟು ಕೆತ್ಕೊಳ್ಳಲಾ? ಹೊಸದು ಎಂಥದ್ದು ಬೇಕಾದ್ರೂ ತಂದುಕೊಡ್ತೀನಿ."

"ನಮ್ಮ ಮನೆಯವರು ತಂದುಕೊಟ್ಟಿದ್ದಪ್ಪಾ ಅದು. ಚಾಕು ಮುಟ್ಟಿಸಿದ್ರೆ ನೋಡು," ಎಂದು ಅಜ್ಜಿ ಹಲ್ಲಿನ ಸೆಟ್ಟು ತೆಗೆದು ಅದೇ ಬಟ್ಟಲಿನ ನೀರಿಗೆ ಹಾಕಿ, ಬೊಚ್ಚು ಬಾಯಿ ಬಿಗಿದು ಕೂತಳು. ಬಟ್ಟಲಿನೊಳಗಿಂದ ಮೂವತ್ತೆರಡೂ ಹಲ್ಲು ನಿಧಾನಿಯನ್ನು ನೋಡಿ ನಗುತ್ತಿದ್ದವು.