ಕಸೂತಿ ಯಂತ್ರದ ಜೊತೆ ಠೂ ಬಿಟ್ಟ ಚಿಪ್ಪಿಗೆ

ಇವರಿಗೆ,
ಶ್ರೀಮಾನ್ ಆರ್ಮ್ ಪ್ರೊಸೆಸರ್ ಅವರು,
ನಮ್ಮ ಹೊಸ ಲ್ಯಾಪ್‌ಟಾಪಿನ ಒಳಗೆ,
ಶಾಲೆಯ ಗೇಟಿನ ಎದುರು, ತೈನಾನ್, ತೈವಾನ್.

ವಿಷಯ: ತಮ್ಮ ಅತಿಯಾದ ಸದ್ಗುಣಗಳಿಂದ ನಮಗಾಗಿರುವ ತೊಂದರೆಯ ಕುರಿತು.

ಮಾನ್ಯರೇ,

ತಾವು ಕ್ಷೇಮವಾಗಿಯೂ ಎಂದಿನಂತೆ ತಣ್ಣಗೂ ಇದ್ದೀರೆಂದು ನಂಬಿದ್ದೇನೆ. ಇತ್ತ ನಾನು, ಶಾಲೆಯ ಮಕ್ಕಳ ಅಂಗಿಗಳ ಎದೆಯ ಮೇಲೆ ಹೆಸರು, ನಂಬರು ಕಸೂತಿ ಹಾಕಿಕೊಡುವ ಸಣ್ಣ ಅಂಗಡಿಯ ಒಡತಿ ಕುಂಗ್ ಯುವೆ-ಷ್ಯಾ, ಅಷ್ಟು ತಣ್ಣಗಿಲ್ಲ. ತಮ್ಮಂಥ ಗಣ್ಯರಿಗೆ ನೇರವಾಗಿ ಪತ್ರ ಬರೆಯುವುದು ಉದ್ಧಟತನವೆಂದು ಬಲ್ಲೆ. ಆದರೆ ತಮ್ಮನ್ನು ಮನೆಗೆ ಕರೆತಂದ ನನ್ನ ಪತಿ ಲಿಯಾವ್ ತ್ಸುಂಗ್-ಪಿನ್ ಅವರ ಬಳಿ ತಮ್ಮ ಬಗ್ಗೆ ದೂರು ಹೇಳುವುದೂ ಗೋಡೆಗೆ ಹೇಳುವುದೂ ಒಂದೇ ಆದ್ದರಿಂದ, ಬೀದಿಯವರೆಲ್ಲ ಓದಲೆಂದು ಇದನ್ನು ಬಹಿರಂಗವಾಗಿಯೇ ಬರೆದು ಅಂಗಡಿಯ ಗಾಜಿಗೆ ಅಂಟಿಸುತ್ತಿದ್ದೇನೆ.

ನನ್ನ ಪತಿ ಊರಾಚೆಯ ಚಿಪ್ ಕಾರ್ಖಾನೆಯಲ್ಲಿ, ಕಣ್ಣು ಮಾತ್ರ ಕಾಣುವ ಬಿಳಿ ಮುಸುಕು ತೊಟ್ಟು ದುಡಿದು ನಿವೃತ್ತರಾದವರು. ಚಿಪ್ಪಿನ ವಿಷಯದಲ್ಲಿ ಅವರಿಗೆ ಎದುರಾಡುವ ಧೈರ್ಯವಿರುವುದು ಒಬ್ಬನಿಗೇ. ಹಳೇ ಲ್ಯಾಪ್‌ಟಾಪ್ ರಿಪೇರಿ ಮಾಡಿ ಮಾರುವ ನನ್ನ ತಮ್ಮ ಆ-ಚಿಂಗ್‌ಗೆ. ತಾವು ಮನೆಗೆ ಬಂದ ದಿನ ಇಬ್ಬರನ್ನೂ ಹೂಮೀನಿನ ಗಂಜಿಗೆ ಕೂರಿಸಿದ್ದೇ ನನ್ನ ತಪ್ಪು. ಪತಿಯವರು ಹೊಸ ಲ್ಯಾಪ್‌ಟಾಪಿನ ಬೆನ್ನು ಸವರುತ್ತಾ, "ಹಳೇ ಚಿಪ್ಪುಗಳ ಕಾಲ ಮುಗೀತು ಕಣಯ್ಯ, ನಿನ್ನ ಅಂಗಡಿಗೆ ಮ್ಯೂಸಿಯಂ ಅಂತ ಬೋರ್ಡ್ ಹಾಕ್ಸು" ಎಂದರು. ಆ-ಚಿಂಗ್ ಚಮಚ ಕೆಳಗಿಟ್ಟು, "ತಣ್ಣಗಿರೋದೇ ದೊಡ್ಡ ಗುಣ ಆದ್ರೆ, ಅಕ್ಕನ ಕಸೂತೀನ ಫ್ರಿಜ್ಜಲ್ಲೇ ಹಾಕ್ಸಿ ಭಾವ" ಎಂದು ಎದ್ದುಹೋದವನು ಮತ್ತೆ ನಮ್ಮ ಹೊಸಿಲು ತುಳಿಯಲಿಲ್ಲ.

ಅಂದು ಸಂಜೆ ಕಸದ ಲಾರಿ ತನ್ನ ಸಂಗೀತ ಹಾಡುತ್ತಾ ಬೀದಿಗೆ ಬಂದಾಗ, ಪತಿಯವರು ಚಪ್ಪಲಿ ಕೂಡ ಮೆಟ್ಟದೆ ಓಡಿ, ಅದರ ಹಿಂದೆ ಬರುವ ಗುಜರಿ ಲಾರಿಗೆ ನನ್ನ ಹಳೇ ಲ್ಯಾಪ್‌ಟಾಪನ್ನು ಒಪ್ಪಿಸಿ ಬಂದರು. ಅದರ ತಲೆಯ ಮೇಲಿದ್ದ ಕುರುಕಲಿನ ಹಸಿರು ಪೊಟ್ಟಣ ಮಾತ್ರ ಮನೆಯಲ್ಲೇ ಉಳಿಯಿತು. ಯಂತ್ರಗಳು ಹಟ ಮಾಡದೆ ಹೇಳಿದ ಮಾತು ಕೇಳಲೆಂದು ಅವುಗಳ ಮೇಲೆ ತೆಂಗಿನಕಾಯಿ ರುಚಿಯ ಆ ಕುರುಕಲನ್ನು ನಮ್ಮ ತೈವಾನಿನವರು ಇಡುವುದು, ಅದನ್ನು ಯಾರೂ ತಿನ್ನದಿರುವುದು ತಮಗೆ ಹೊಸದಲ್ಲ. ತಾವು ಹುಟ್ಟಿದ ಕಾರ್ಖಾನೆಯಲ್ಲೂ ದೊಡ್ಡ ದೊಡ್ಡ ಎಂಜಿನಿಯರುಗಳು ನಗದೆ ಇಡುತ್ತಾರೆ. ನನ್ನ ಪತಿ ಅದನ್ನು ಹೊಸ ಲ್ಯಾಪ್‌ಟಾಪಿನ ಮೇಲಿಡುವ ಬದಲು, ಅದರಲ್ಲೇ ಬೇಸ್‌ಬಾಲ್ ನೋಡುತ್ತಾ ಪರಪರ ಹರಿದು ತಿಂದುಬಿಟ್ಟರು. "ಇದು ಆರ್ಮ್ ಕಣೇ, ಹೊಸ ಜಾತಿ ಚಿಪ್ಪು, ಇದಕ್ಕೆ ಲಂಚ ಬೇಕಾಗಿಲ್ಲ" ಎಂದರು.

ತಮ್ಮ ಗುಣಗಳನ್ನು ಮುಚ್ಚಿಡುವಷ್ಟು ಸಣ್ಣವಳು ನಾನಲ್ಲ. ಹಳೆಯ ಚಿಪ್ಪು ಬಿಸಿಯಾಗಿ, ಒಳಗಿನ ಫ್ಯಾನು ಕಿರುಚಿ, ಮಧ್ಯಾಹ್ನಕ್ಕೇ ಚಾರ್ಜರಿಗಾಗಿ ಗೋಗರೆಯುತ್ತಿತ್ತು. ತಾವೋ, ಬೆಳಿಗ್ಗೆಯಿಂದ ಮಲಗುವ ತನಕ ಒಂದು ತುತ್ತು ವಿದ್ಯುತ್ತನ್ನೂ ಕೇಳದೆ, ಉಸಿರೆತ್ತದೆ, ಬೆವರದೆ ಕೂತಿರುತ್ತೀರಿ. ಇದರಿಂದಾಗಿ ಲ್ಯಾಪ್‌ಟಾಪಿನ ಪಕ್ಕ ಬೆಚ್ಚಗೆ ಮಲಗುತ್ತಿದ್ದ ನಮ್ಮ ಬೆಕ್ಕು ಎದುರಿನ ಬನ್ನಿನ ಅಂಗಡಿಗೆ ವಲಸೆ ಹೋಗಿದೆ. ಬ್ಯಾಟರಿ ಮುಗಿದಾಗಲಾದರೂ ಕುರ್ಚಿ ಬಿಟ್ಟೇಳುತ್ತಿದ್ದ ನನ್ನ ಪತಿ ಈಗ ಆ ತೊಂದರೆಯನ್ನೂ ತೆಗೆದುಕೊಳ್ಳುವುದಿಲ್ಲ. ದಯಮಾಡಿ ದಿನಕ್ಕೊಮ್ಮೆ ಸ್ವಲ್ಪ ಕಾದು, ಒಂದೆರಡು ಬಾರಿ ಕಿರುಚಿ, ಊಟದ ಹೊತ್ತಿಗೆ ಸರಿಯಾಗಿ ಪ್ರಾಣ ಬಿಡುವ ಕೃಪೆ ಮಾಡಬೇಕೆಂದು ಪ್ರಾರ್ಥಿಸುತ್ತೇನೆ.

ಇಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಶಾಲೆ ತೆರೆಯುವ ವಾರ ಬಂತು, ಅಂಗಿಗಳ ಮೂಟೆಗಳು ಬಾಗಿಲ ತನಕ ಬೆಳೆದವು. ನನ್ನ ಹಳೇ ಕಸೂತಿ ಪ್ರೋಗ್ರಾಮನ್ನು ತೆರೆಯಲು ಹೇಳಿದರೆ, ತಾವು ಹಳೆಯ ಚಿಪ್ಪಿನ ವೇಷ ಹಾಕಿಕೊಂಡು ಅದನ್ನೂ ಸೊಗಸಾಗಿ ತೆರೆದಿರಿ; ನನ್ನ ಕಣ್ಣಲ್ಲಿ ನೀರೇ ಬಂತು. ಕಸೂತಿ ಯಂತ್ರದ ಕೇಬಲ್ ಚುಚ್ಚಿದಾಗ ಮಾತ್ರ ತಾವು ಅದರ ಮುಖವನ್ನೇ ಗುರುತು ಹಿಡಿಯಲಿಲ್ಲ. ಇಬ್ಬರ ನಡುವೆ ದುಭಾಷಿಯಾಗಬೇಕಾದ ಡ್ರೈವರ್ ಎಂಬ ಪ್ರೋಗ್ರಾಮಿಗೆ ಹಳೆಯ ಚಿಪ್ಪಿನ ಭಾಷೆ ಮಾತ್ರ ಬರುತ್ತದಂತೆ, ಆ ಕೆಲಸಕ್ಕೆ ವೇಷ ಸಾಕಾಗುವುದಿಲ್ಲವಂತೆ. ಹದಿನಾರು ವರ್ಷ ನನಗೆ ಅನ್ನ ಹಾಕಿದ ಯಂತ್ರದ ಜೊತೆ ತಾವು ಠೂ ಬಿಟ್ಟು ಕೂತಿರಿ.

ಬೀದಿಯವರ ಪ್ರಕಾರ ಕಾರಣ ಡ್ರೈವರಲ್ಲ, ತಿಂದ ಪೊಟ್ಟಣ. ಬನ್ನಿನ ಅಂಗಡಿಯ ಆಂಟಿ, "ಯಂತ್ರದ್ದನ್ನ ಮನುಷ್ಯ ತಿಂದ್ರೆ ಇನ್ನೇನಾಗತ್ತೆ?" ಎಂದು ಎರಡು ಹಸಿರು ಪೊಟ್ಟಣ ತಂದಿಟ್ಟರು, ಔಷಧಿ ಅಂಗಡಿಯವರು ಅವಧಿ ಮೀರದವನ್ನೇ ಆರಿಸಿ ಮೂರು ತಂದರು. ಕಡೆಗೆ ಪೊಟ್ಟಣಗಳ ಅಡಿಯಲ್ಲಿ ತಾವೆಲ್ಲಿದ್ದೀರೆಂದು ನಾನೇ ಹುಡುಕಬೇಕಾಯಿತು. ಇಷ್ಟು ಉಪಚಾರಕ್ಕೂ ತಾವು ಕರಗಲಿಲ್ಲ.

ಅಷ್ಟರಲ್ಲಿ ಶಾಲೆಯ ಮೇಡಂ ಬಂದರು. ಮೂಟೆಗಳನ್ನು ನೋಡಿ, ಬಹಳ ಮೃದುವಾಗಿ, "ಯುವೆ-ಷ್ಯಾ ಅವರೇ, ಶುಕ್ರವಾರಕ್ಕೆ ಆಗ್ಲಿಲ್ಲ ಅಂದ್ರೆ ಇಸ್ತ್ರಿಯಲ್ಲಿ ಅಂಟಿಸೋ ಹೆಸರಿನವರಿಗೆ ಕೊಡ್ಬೇಕಾಗತ್ತೆ. ಕೊಟ್ಟಮೇಲೆ ವಾಪಸ್ ತಗೊಳೋದು ಕಷ್ಟ" ಎಂದರು. ಆ ಶಾಲೆ ಬಿಟ್ಟರೆ ನನ್ನ ಅಂಗಡಿಗೆ ಬೇರೆ ಗಿರಾಕಿಗಳಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು. ಹಳೆಯ ಚಿಪ್ಪಿನ ಲ್ಯಾಪ್‌ಟಾಪುಗಳು ನನ್ನ ತಮ್ಮನ ಅಂಗಡಿಯಲ್ಲಿ ರಾಶಿ ಬಿದ್ದಿದ್ದವು. ಆದರೆ ಅವನನ್ನು ಕೇಳಿದರೆ ಪತಿಯ ಮಾನ ಉಳಿಯುವುದಿಲ್ಲ, ಕೇಳದಿದ್ದರೆ ಅಂಗಡಿ ಉಳಿಯುವುದಿಲ್ಲ ಎಂದುಕೊಂಡು, ಒಂದು ಅಂಗಿಯನ್ನು ಎತ್ತಿ ಕೈಯಲ್ಲೇ ಹೊಲಿಯಲು ಕುಳಿತೆ.

ಪತಿಯವರು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ಬೇಸ್‌ಬಾಲ್ ನಿಲ್ಲಿಸಿ, ಹೆಲ್ಮೆಟ್ ಹಾಕಿಕೊಂಡು, "ಸ್ಕೂಟರ್ ಹತ್ತು" ಎಂದರು. ಸ್ಕೂಟರ್ ಆ-ಚಿಂಗ್ ಅಂಗಡಿಯ ಮುಂದೆ ನಿಂತಾಗ ಒಳಗೆ ಗಿರಾಕಿಗಳಿದ್ದರು. ಹೆಲ್ಮೆಟ್ ತೆಗೆಯುವುದನ್ನೂ ಮರೆತು ನನ್ನ ಪತಿ ಅವರೆಲ್ಲರ ಮುಂದೆ ಹೇಳಿದರು: "ಆ-ಚಿಂಗ್, ನಾನು ಹೇಳಿದ್ದು ತಪ್ಪು. ಹೊಸದರಿಂದ ನಿಮ್ಮಕ್ಕನ ಕೆಲ್ಸ ಆಗ್ತಿಲ್ಲ. ಹಳೇದೊಂದು ಕೊಡು."

ನನ್ನ ತಮ್ಮ ಈ ದಿನಕ್ಕೆಂದೇ ಮಾತುಗಳನ್ನು ಮಸೆದಿಟ್ಟಿದ್ದನೆಂದು ನನಗೆ ಗೊತ್ತು. ಆದರೆ ಅವನು ಭಾವನ ಮುಖ ನೋಡಿ, ರಾಶಿಯಿಂದ ಒಂದನ್ನು ಎಳೆದು ಒರೆಸಿ, "ಬಿಸಿ ಜಾಸ್ತಿ ಭಾವ, ಅಡಿಗೊಂದು ಹಲಗೆ ಇಟ್ಕೊಳಿ" ಎಂದಷ್ಟೇ ಹೇಳಿದ. ಶುಕ್ರವಾರ ಸಂಜೆಗೆ ಕೊನೆಯ ಅಂಗಿ ಶಾಲೆ ಸೇರಿತು.

ಆದಕಾರಣ ಮಹಾಶಯರೇ, ಹಳೆಯ ಚಿಪ್ಪುಗಳೊಡನೆ ತಾವು ಸ್ಪರ್ಧಿಸಬಲ್ಲಿರೇ ಎಂಬ ಲೋಕದ ಪ್ರಶ್ನೆಗೆ ನನ್ನ ಸಾಕ್ಷ್ಯ ಇದು: ಬ್ಯಾಟರಿಯಲ್ಲಿ ಗೆದ್ದಿರಿ, ಮೌನದಲ್ಲಿ ಗೆದ್ದಿರಿ, ನನ್ನ ಅಂಗಡಿಗಾಗಿ ಒಂದು ಹೊಲಿಗೆಯನ್ನೂ ಹಾಕಲಿಲ್ಲ. ಆದರೂ ತಮಗೆ ನಾನು ಋಣಿ. ಮದುವೆಯಾದಂದಿನಿಂದ ನಾನು ಕಾದು ಕಾದು ಕೈಬಿಟ್ಟಿದ್ದ "ನಾನು ಹೇಳಿದ್ದು ತಪ್ಪು" ಎಂಬ ಮಾತನ್ನು ನನ್ನ ಪತಿಯ ಬಾಯಿಂದ ಹೊರಡಿಸಿದ ಮೊದಲ ಯಂತ್ರ ತಾವೇ.

ಇಂತಿ, ತಣ್ಣಗಾಗಲು ಪ್ರಯತ್ನಿಸುತ್ತಿರುವ
ತಮ್ಮ ವಿಶ್ವಾಸಿ,
ಕುಂಗ್ ಯುವೆ-ಷ್ಯಾ

ವಿ.ಸೂ.: ತಮಗೆ ಹೊಂದುವ ಡ್ರೈವರು ಯಾವಾಗ ಬರುತ್ತದೆಂದು ಕಸೂತಿ ಯಂತ್ರದ ಕಂಪನಿಯವರನ್ನು ಕೇಳಿದೆ. "ಶೀಘ್ರದಲ್ಲೇ" ಎಂದು ಬರೆದಿದ್ದಾರೆ. ಕಾಯುವುದಕ್ಕೆ ಬೇಕಾದ ಬ್ಯಾಟರಿ ತಮ್ಮಲ್ಲಿದೆ. ಶಾಲೆಯ ಮೇಡಂ ಬಳಿ ಇಲ್ಲ.