ಕ್ಲೈವನ ನೀಲಿ ಉರಿ

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಲೈವ್ ಹಿತ್ತಿಲಲ್ಲಿ ಗ್ಯಾಸ್ ಒಲೆ ಹಚ್ಚಿದ. ಬುಸ್ಸೆಂದು ನೀಲಿ ಉರಿ ಏಳಬೇಕಿತ್ತು. ಬದಲಿಗೆ ಹಳದಿ ಉರಿಯೊಂದು ನಿದ್ದೆಗಣ್ಣಲ್ಲಿ ಎದ್ದು, ಪಾತ್ರೆಯ ತಳಕ್ಕೆ ಮಸಿ ಬಳಿದು, ಮತ್ತೆ ಮಲಗಿತು.

ಪಾತ್ರೆಯಲ್ಲಿ ಇಪ್ಪತ್ತೈದು ಲೀಟರ್ ಬಾರ್ಲಿ ರಸ. ಅದು ಇವತ್ತೇ ಕುದಿದರೆ ಮಾತ್ರ ಊರಿನ ಪ್ರದರ್ಶನದ ಹೊತ್ತಿಗೆ ಬಿಯರ್ ಆಗುತ್ತಿತ್ತು. ಮನೆಯಲ್ಲಿ ಮಾಡಿದ ಬಿಯರಿನ ಮೊದಲ ಬಹುಮಾನ ನಾಲ್ಕು ವರ್ಷದಿಂದ ಎಡಗಡೆ ಮನೆಯ ಬೆವನ್ ಬಿಟ್ಟುಕೊಟ್ಟಿರಲಿಲ್ಲ. ಈ ಸಲ ಕ್ಲೈವ್ ತಾನೇ ಬಳ್ಳಿ ಹಬ್ಬಿಸಿ, ಕೊಯ್ದು, ಒಣಗಿಸಿದ ಹಾಪ್ಸ್ ಹೂ ಹಾಕಲಿದ್ದ. ಅದರ ಕಹಿ, ಕಿತ್ತಳೆ ಸಿಪ್ಪೆಯಂಥ ಅದರ ಘಮ ಇಡೀ ಡರ್ವೆಂಟ್ ಕಣಿವೆಯಲ್ಲಿ ಬೇರೆ ಯಾರ ಹತ್ತಿರವೂ ಇರಲಿಲ್ಲ.

"ಸಿಲಿಂಡರ್ ಖಾಲಿಯಾಗಿರತ್ತೆ ಕಣೋ," ಎನ್ನುತ್ತ ಬಲಗಡೆ ಮನೆಯ ಡಲ್ಸಿ ಬಿಸಿನೀರಿನ ಕೆಟಲ್ ಹಿಡಿದೇ ಬಂದಳು. ನಲವತ್ತು ವರ್ಷ ನರ್ಸ್ ಆಗಿದ್ದವಳು. ಕರೆಯದೆ ಬರುವುದು ಅಭ್ಯಾಸ. ಸಿಲಿಂಡರಿನ ಮೈಮೇಲೆ ನೀರು ಸುರಿದು, ಜ್ವರ ನೋಡುವವಳಂತೆ ಕೈಯಿಟ್ಟಳು. "ಗ್ಯಾಸ್ ಇದ್ದ ಕಡೆ ತಣ್ಣಗಿರತ್ತೆ. ಇದು ಕುತ್ತಿಗೆ ತನಕ ತಣ್ಣಗಿದೆ. ತುಂಬಿದೆಯಲ್ಲೋ!" ದನಿಯಲ್ಲಿ ನಿರಾಸೆಯಿತ್ತು.

ಕ್ಲೈವ್ ರೆಗ್ಯುಲೇಟರ್ ಬಿಚ್ಚಿ ಮತ್ತೆ ಹಾಕಿದ. ಪೈಪಿಗೆ ಸೋಪಿನ ನೀರು ಹಚ್ಚಿದ. ಒಂದು ಗುಳ್ಳೆಯೂ ಏಳಲಿಲ್ಲ. ಒಲೆ ಹಚ್ಚಿದ. ಮತ್ತೆ ಅದೇ ಹಳದಿ. ಈ ಸಲ ಅವನ ಹುಬ್ಬಿಗೂ ಮಸಿ ಬಂತು.

ಆಗ ಬೇಲಿಯ ಮೇಲೆ ಬೆವನ್‌ನ ತಲೆ ಎದ್ದಿತು. "ಏನಯ್ಯಾ, ಟೈರ್ ಸುಡ್ತಿದೀಯಾ?"

"ಏನೂ ಇಲ್ಲ, ಬಿಡು ಮಾರಾಯ."

ಬೀದಿಯಲ್ಲಿ ಯಾರ ಒಲೆ ಕೆಟ್ಟರೂ ಬಿಡುವ ಪೈಕಿ ಬೆವನ್ ಅಲ್ಲ. ಸ್ಪ್ಯಾನರ್ ಸಮೇತ ಬೇಲಿ ಹಾರಿದ. ಕ್ಲೈವ್ ಓಡಿಹೋಗಿ ಮೇಜಿನ ಮೇಲಿದ್ದ ಹೂವಿನ ಪೊಟ್ಟಣಕ್ಕೆ ಅಡ್ಡ ನಿಂತ.

"ನಿನ್ನ ಗುಟ್ಟು ನನಗ್ಯಾಕಯ್ಯಾ? ಗ್ಯಾಸ್ ಆಫ್ ಮಾಡು." ಬೆವನ್ ಪಾತ್ರೆ ಕೆಳಗಿಳಿಸಿ, ಒಲೆಯನ್ನು ತಲೆಕೆಳಗು ಮಾಡಿ, ಗಾಳಿ ಎಳೆಯುವ ಕೊಳವೆಗೆ ತಂತಿ ತೂರಿಸಿ ಎಳೆದ. ಬಿಳಿ ಹತ್ತಿಯಂಥ ಉಂಡೆಯೊಂದು ಬಂತು; ಅದರ ಹಿಂದೆ ಎಂಟು ಕಾಲಿನ ಮನೆಯೊಡತಿ ಕೋಪದಿಂದ ಹೊರಟುಹೋದಳು.

"ಜೇಡ! ಗ್ಯಾಸ್ ವಾಸನೆ ಅಂದ್ರೆ ಪ್ರಾಣ ಇವಕ್ಕೆ. ಗಾಳಿ ಇಲ್ದೆ ಉರಿ ಹೇಗೆ ನೀಲಿ ಆಗತ್ತೆ? ಈಗ ಹಚ್ಚು!"

ಪಾತ್ರೆ ಮತ್ತೆ ಏರಿಸಿ ಕ್ಲೈವ್ ಹಚ್ಚಿದ. ಒಲೆ ವಿಮಾನದಂತೆ ಮೊರೆಯಿತು. ನೀಲಿ! ಕ್ಲೈವ್ ಕುಣಿದ, ಡಲ್ಸಿ ಚಪ್ಪಾಳೆ ತಟ್ಟಿದಳು. ಮೂವರೂ ಕಣ್ಣು ಮಿಟುಕಿಸದೆ ಕಾದರು. ಕೊನೆಗೆ ರಸ ಮಿಸುಕಿತು, ಮರುಕ್ಷಣ ನೊರೆ ಕೊಬ್ಬಿದ ಹೋರಿಯಂತೆ ಮೇಲೆದ್ದಿತು.

"ಉಕ್ಕತ್ತೆ, ಉಕ್ಕತ್ತೆ!" ಡಲ್ಸಿ ಗಿಡಕ್ಕೆ ನೀರು ಬಿಡುವ ಪೈಪನ್ನೇ ತಿರುಗಿಸಿದಳು. ನೊರೆಗೆ ಅರ್ಧ, ಕ್ಲೈವನ ಮುಖಕ್ಕೆ ಅರ್ಧ. ಕಣ್ಣು ಕಾಣದೆ ಅವನು ಹಿಡಿದದ್ದು ಕಾದ ಪಾತ್ರೆಯ ಕಿವಿಯನ್ನು. ಅವನ ಕೂಗಿಗೆ ಬೀದಿಯ ನಾಯಿಗಳೆಲ್ಲ ಉತ್ತರ ಕೊಟ್ಟವು.

"ನಡಿ ಒಳಗೆ! ತಣ್ಣೀರಲ್ಲಿ ಇಪ್ಪತ್ತು ನಿಮಿಷ ಕೈಯಿಡಬೇಕು."

"ಡಲ್ಸಿ, ಕುದಿ ಬಂತು, ಹೂ ಹಾಕ್ಬೇಕು..."

"ಇಪ್ಪತ್ತು ಅಂದ್ರೆ ಇಪ್ಪತ್ತು," ಎಂದು ಅವಳು ಅವನ ಮಣಿಕಟ್ಟನ್ನು ನಲ್ಲಿಯ ಕೆಳಗೆ ಒತ್ತಿ ಹಿಡಿದು ಗಡಿಯಾರ ನೋಡುತ್ತ ನಿಂತಳು.

ಬಿಡಿಸಿಕೊಂಡು ಹಿತ್ತಿಲಿಗೆ ಓಡಿದಾಗ ಉರಿ ಹದವಾಗಿತ್ತು. ರಸ ಕುದಿಯುತ್ತಿತ್ತು, ಮೇಲೆ ಹಾಪ್ಸ್ ಹೂ ತೇಲುತ್ತಿತ್ತು. ಬೆವನ್ ಬೆವರೊರೆಸಿಕೊಳ್ಳುತ್ತಿದ್ದ.

"ಸರಿಯಾದ ಹೊತ್ತಿಗೆ ಹಾಕ್ದೆ ನೋಡು. ತಡ ಆಗಿದ್ರೆ ಕೆಟ್ಟೋಗ್ತಿತ್ತು."

ಕ್ಲೈವ್ ನೇರ ಅವನ ಹತ್ತಿರ ಹೋದ. ನಾಲ್ಕು ವರ್ಷ ಇವನನ್ನು ಬೈದುಕೊಂಡಿದ್ದೆನಲ್ಲ! ಸುಡದ ಕೈಯಿಂದ ಬೆವನ್‌ನ ಕೈ ಕುಲುಕುವಾಗ ಮೇಜಿನ ಮೇಲೆ ಕಣ್ಣು ಬಿತ್ತು. ಪೊಟ್ಟಣದ ಗಂಟು ಕಟ್ಟಿದಂತೆಯೇ ಇತ್ತು.

"ಬೆವನ್... ಯಾವ ಹೂ ಹಾಕಿದೆ?"

"ನಂದೇ, ಮನೆಯಿಂದ ತಂದೆ. ಪ್ರತಿಸ್ಪರ್ಧಿಯ ಪೊಟ್ಟಣ ಬಿಚ್ಚಿ ನೋಡೋದಾ? ಅಂಥ ಮೋಸ ನಾನು ಮಾಡಲ್ಲಪ್ಪ. ಪ್ರತಿ ವರ್ಷ ನಾನು ಎಷ್ಟು ಹಾಕ್ತೀನೋ ಅಷ್ಟೂ ಹಾಕಿದೀನಿ. ಇನ್ನೊಂದು ಎಸಳು ಬಿದ್ರೂ ಬೇವಿನ ಕಷಾಯ ಆಗತ್ತೆ, ಹುಷಾರು."

ಬೆವನ್ ಒಂದು ಚಮಚ ರಸ ಊದಿ ಕುಡಿದು ಕಣ್ಣು ಮುಚ್ಚಿದ.

"ಥೇಟ್ ನನ್ನದೇ ರುಚಿ! ಈ ಸಲ ಎರಡನೇ ಬಹುಮಾನ ನಿನಗೇ ಕಣಯ್ಯಾ."