ಫುಕಟ್ ಲಿನಕ್ಸೂ ಬೀಗರ ಪದವೂ

ಸೇಡಂ ರಸ್ತೆಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುತ್ತಿದ್ದ ದಿನಗಳಲ್ಲಿ ನನಗೊಂದು ಚಟವಿತ್ತು. ಯಾರ ಮನೆಯಲ್ಲಿ ಮುದಿ ಕಂಪ್ಯೂಟರು ನರಳುತ್ತಿದ್ದರೂ ಹೋಗಿ ವಿಂಡೋಸ್ ತೆಗೆದು ಲಿನಕ್ಸ್ ಹಾಕಿಬರುವುದು. ಉಪಕಾರದ ಹುಮ್ಮಸ್ಸಿನವನನ್ನು ಫಜೀತಿಗಳು ತಾವಾಗಿ ಹುಡುಕಿಕೊಂಡು ಬರುತ್ತವೆ. ಕಮಲಾಪುರದ ಮಾಸ್ತರರ ಮನೆಯಲ್ಲಿ ಅವು ಸಾಲುಗಟ್ಟಿ ಬಂದವು.

ಫುಕಟ್

ಮಾಸ್ತರರ ಕಂಪ್ಯೂಟರಿಗೆ ವೈರಸ್ ಹತ್ತಿತ್ತು. ಅದು ಚಾಲೂ ಆಗುವಷ್ಟರಲ್ಲಿ ಒಂದು ಕಪ್ ಚಹಾ ಮುಗಿಯುತ್ತಿತ್ತು. ಅದರೊಳಗೆ ಅವರ ತಾಯಿ ಹಾಡಿದ, ಇವರು ಎರಡು ವರ್ಷ ಕೂತು ಬರೆದಿಟ್ಟ ಮದುವೆ ಹಾಡುಗಳಿದ್ದವು. ಬೇರೆಲ್ಲೂ ಪ್ರತಿ ಇರಲಿಲ್ಲ.

"ಲಿನಕ್ಸ್ ಫುಕಟ್ ಸಿಗ್ತದ್ರಿ, ರೊಕ್ಕಾ ಕೊಡೂದು ಬ್ಯಾಡ" ಎಂದೆ.

"ಫುಕಟ್ ಯಾಕ ಕೊಡ್ತಾರ್ರಿ?"

"ಮಂದಿ ಎಲ್ಲಾ ಕೂಡಿ ಮಾಡ್ಯಾರ್ರಿ."

"ಹಂಗಾರ ಮುಗೀತು. ನಮ್ಮೂರಾಗ ಮಂದಿ ಕೂಡಿ ಮಾಡಿದ್ದು ಗುಡಿ ಕಂಪೌಂಡ್ ಒಂದೇ. ಅದಕ್ಕ ಇನ್ನಾ ಗೇಟ್ ಹಚ್ಚಿಲ್ಲ."

ಶುಕ್ರವಾರ

ಅಂತೂ ಒಪ್ಪಿದರು. ಲ್ಯಾಬಿನಿಂದ ತಂದ ಸಿ.ಡಿ. ರೈಟರ್ ಜೋಡಿಸಿ ಮೊದಲು ಹಾಡುಗಳನ್ನೆಲ್ಲ ಒಂದು ಸಿ.ಡಿ.ಗೆ ಇಳಿಸಿದೆ. ಇನ್ನು ಹಳೆಯದನ್ನು ಅಳಿಸಬೇಕು ಎನ್ನುವಾಗ ಮಾಸ್ತರರ ಹೆಂಡತಿ ಅಡುಗೆಮನೆಯಿಂದ ಕೂಗಿದರು.

"ಶುಕ್ರವಾರ ಮನ್ಯಾಗಿಂದ ಏನೂ ಹೊರಗ ಹಾಕಬ್ಯಾಡ್ರಿ!"

"ಹೊರಗ ಹಾಕೂದಲ್ರಿ ಅಕ್ಕೋರೆ, ಅಳಸೂದು."

"ಅಷ್ಟೆಲ್ಲಾ ಕಂಪ್ಯೂಟರ್ ಮಾತು ಲಕ್ಷ್ಮಿಗಿ ತಿಳೀತದೇನ್ರಿ?"

ಸಿ.ಡಿ.ಯನ್ನು ಮಾಸ್ತರರ ಕೈಗಿತ್ತು ಕಲಬುರಗಿ ಬಸ್ಸು ಹತ್ತಿದೆ.

ಗಿಳಿ

ಮುಂದಿನ ಭಾನುವಾರ ಹೋಗಿ, "ಸಿ.ಡಿ. ಅದ ಅಲ್ರಿ?" ಎಂದೆ. "ಟ್ರಂಕಿನ್ಯಾಗ ಅದರಿ" ಎಂದರು. ಕಣ್ಣಿಂದ ನೋಡದೆ ಎಲ್ಲ ಅಳಿಸಿಬಿಟ್ಟೆ. ಆ ಮೂರ್ಖತನ ನನ್ನದೇ. ಲಿನಕ್ಸ್ ಚೆನ್ನಾಗಿಯೇ ಕೂತಿತು. ಟ್ರಂಕು ತೆಗೆದರೆ ಸಿ.ಡಿ. ಇಲ್ಲ!

ಹೊಲದಿಂದ ಬಂದ ಮಾಸ್ತರರ ತಮ್ಮ ಹೆಮ್ಮೆಯಿಂದ ಹೇಳಿದ: "ಆ ಮಿಂಚೂದೇನು? ಜ್ವಾಳದಾಗ ಕಟ್ಟೀನಿ. ಒಂದ ಗಿಳಿ ಸೈತ ಹತ್ರ ಬಂದಿಲ್ಲ!"

ಓಡಿಹೋಗಿ ಬಿಚ್ಚಿ ತಂದೆವು. ಬಿಸಿಲಿಗೆ ಬಾಗಿ, ಮೈಯೆಲ್ಲ ಗೀರುಬಿದ್ದಿತ್ತು. ಎರಡು ಸಲ ಡ್ರೈವಿಗೆ ಹಾಕಿದೆ, ಎರಡು ಸಲವೂ ಅದು ಹೊರಗೆ ದಬ್ಬಿತು.

"ಗಿಳಿಗಿಂತ ಕಂಪ್ಯೂಟರೇ ಹೆಚ್ಚು ಅಂಜತದ ನೋಡ್ರಿ" ಎಂದ ತಮ್ಮ.

ಅವ್ವ

ಮಾಸ್ತರರು ತಲೆಮೇಲೆ ಕೈಹೊತ್ತು ಕುಳಿತರು. ನನಗೆ ಭೂಮಿ ಬಾಯಿಬಿಟ್ಟರೆ ಸಾಕಾಗಿತ್ತು. ಮೂಲೆಯಲ್ಲಿ ಎಲೆಯಡಿಕೆ ಕುಟ್ಟುತ್ತಿದ್ದ ಎಂಬತ್ತು ದಾಟಿದ ಅವರ ಅವ್ವ ಮಾತ್ರ ತಣ್ಣಗೆ ಹೇಳಿದರು: "ಹೋದ್ರ ಹೋಗ್ಲಿ ಬಿಡೋ. ಅವು ಅರ್ಧಮರ್ಧ ಹಾಡು."

"ಅರ್ಧ ಹೆಂಗವ್ವಾ?"

"ಆಗ ನಮ್ಮ ಬೀಗತಿ, ನಿಮ್ಮತ್ತಿ, ಇಲ್ಲೇ ಇದ್ಲು. ದಿನಾ ಎದುರಿಗೇ ಕುಂದರ್ತಿದ್ಲು. ಬೀಗರನ್ನ ಬಯ್ಯೋ ನುಡಿ ಎಲ್ಲಾ ನುಂಗಿಕೊಂಡೆ. ಈಗ ಆಕಿ ಮಗನ ಮನಿಗಿ ಹೋಗ್ಯಾಳ. ಪೂರಾ ಹಾಡ್ತೀನಿ, ಬರಕೋ."

ಮದುವೆಯಲ್ಲಿ ಬೀಗರನ್ನು ಹಾಡಿನಲ್ಲೇ ಹೀಯಾಳಿಸುವುದು ನಮ್ಮ ಕಡೆಯ ಪದ್ಧತಿ. ಅವ್ವ ಶುರುಮಾಡಿದರು ನೋಡಿ! ಬೀಗತಿಯ ಮೂಗು, ನಡಿಗೆ, ಗೊರಕೆ, ಒಂದನ್ನೂ ಬಿಡಲಿಲ್ಲ. ಮಾಸ್ತರರು ಟೈಪು ಮಾಡಲು ಅಂಜಿ ಹೆಂಡತಿಯ ಮುಖ ನೋಡಿದರು. ಆಕೆ ಸೆರಗಿಗೆ ಕೈಯೊರೆಸಿಕೊಂಡು ಬಂದು, ಗಂಡನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕುಳಿತರು.

"ಅತ್ತಿ, ಗೊರಕಿಗಿ ಇನ್ನೊಂದು ನುಡಿ ಕೂಡಿಸ್ರಿ. ನಮ್ಮವ್ವ ಇಷ್ಟು ಸಣ್ಣಗ ಹೊಡಿಯಂಗಿಲ್ಲ."